ಸಮಾಧಾನದ ಶನಿವಾರದ ಕಾಫಿ

ನಮ್ಮ ಚರ್ಚಿನ ಸಭೆಯಲ್ಲಿ ತಿಂಗಳ ಮೊದಲ ಭಾನುವಾರ ಪ್ರಭುಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಂಡು ತಿನ್ನುವುದು. ಅದರ ಹಿಂದಿನ ದಿನ ಸಮಾಧಾನದ ಶನಿವಾರ. ಯಾರ ಮೇಲೆ ಯಾರಿಗೆ ಮುನಿಸಿದ್ದರೂ ಆ ಶನಿವಾರ ಅವರ ಮನೆಗೆ ಹೋಗಿ ಬಾಯಿಬಿಟ್ಟು ಹೇಳಿ ಮುಗಿಸಿಕೊಳ್ಳಬೇಕು. ಮನಸ್ಸಿನಲ್ಲಿ ಕಸ ಇಟ್ಟುಕೊಂಡು ರೊಟ್ಟಿ ತಿಂದವರು ತಮ್ಮ ಮೇಲೆ ತಾವೇ ತೀರ್ಪು ತಂದುಕೊಳ್ಳುತ್ತಾರೆ ಎಂದು ಪೌಲನು ಬರೆದಿದ್ದಾನಲ್ಲ, ಅದಕ್ಕೆ. ಇಷ್ಟು ಬೇರೆ ಕಡೆಯೂ ಇರಬಹುದು. ಕಾಫಿಯ ವಿಷಯ ಮಾತ್ರ ನಮ್ಮ ಎಸ್ಟೇಟುಗಳ ಕಡೆಯದು. ಬಂದವರ ಮುಂದೆ ಮನೆಯವರು ಬೆಲ್ಲದ ಕಾಫಿ ತಂದಿಡಬೇಕು. ಮಾತು ಮುಗಿಯುವವರೆಗೆ ಅದನ್ನು ಮುಟ್ಟಬಾರದು. ಮುಗಿದ ಮೇಲೆ ಇಬ್ಬರೂ ಕುಡಿಯಬೇಕು. ಕುಡಿದ ಮೇಲೆ ಆ ವಿಷಯವನ್ನು ಯಾರೂ ಎಲ್ಲಿಯೂ ಮತ್ತೆ ಎತ್ತುವ ಹಾಗಿಲ್ಲ. ಹೀಗೆಂದು ಯಾವ ಪಾಸ್ಟರೂ ಕಲಿಸಿದ್ದಲ್ಲ, ನಮ್ಮ ಅತ್ತೆಯ ಕಾಲದ ಹೆಂಗಸರು ಮಾಡಿಕೊಂಡದ್ದು. ಆದರೆ ನನಗಂತೂ ಮೋಶೆಯ ಹತ್ತು ಆಜ್ಞೆಗಳಿಗಿಂತ ಆ ಲೋಟದ ಮೇಲೆ ಭಯ ಜಾಸ್ತಿ ಇತ್ತು.

ಇದನ್ನು ನನಗೆ ಕಲಿಸಿದವರು ಅಕ್ಕ. ಒಡಹುಟ್ಟಿದವರಲ್ಲ. ಪಕ್ಕದ ಎಸ್ಟೇಟಿನಲ್ಲಿ ಆಳುಗಳ ಹಾಜರಿ ಬರೆಯುತ್ತಿದ್ದ ರೈಟರ ಹೆಂಡತಿ, ನಮ್ಮ ಸಭೆಯ ಹೆಂಗಸರ ಕೂಟಕ್ಕೆ ದೊಡ್ಡವರು. ನಾನು ಮದುವೆಯಾಗಿ ಗೋಣಿಬೀಡಿನ ಹತ್ತಿರ ತೋಟದಾಳುಗಳ ಸಾಲಿನ ಈ ಲೈನ್ ಮನೆಗೆ ಬಂದಾಗ ನನಗೆ ಇಪ್ಪತ್ತು ವರ್ಷ, ತಾಯಿ ಇರಲಿಲ್ಲ. ಅಕ್ಕ ತಮ್ಮ ಹಳೇ ಹೊಲಿಗೆ ಮಿಷನ್ ಕೊಟ್ಟು ಬ್ಲೌಸ್ ಕತ್ತರಿಸುವುದು ಹೇಳಿಕೊಟ್ಟರು. ಎರಡೂ ಬಾಣಂತನ ಅವರೇ ಮಾಡಿದರು. ದೀಕ್ಷಾಸ್ನಾನದ ದಿನ ಹೊಳೆಯ ನೀರಿನಲ್ಲಿ ನನ್ನ ಕೈ ಹಿಡಿದುಕೊಂಡು ನಿಂತವರೂ ಅವರೇ. ಇದನ್ನೆಲ್ಲ ಯಾಕೆ ಹೇಳುತ್ತೇನೆಂದರೆ, ನಾನು ಉಂಡದ್ದನ್ನು ಮರೆಯುವವಳಲ್ಲ. ಮರೆತವರು ಯಾರು ಅಂತ ಮುಂದೆ ಗೊತ್ತಾಗುತ್ತದೆ.

ಅಕ್ಕನಿಗೆ ಸತ್ಯವೇದದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ದೇವರು ಶಿಕ್ಷೆ ಕೊಟ್ಟ ಕಥೆಗಳು. ಅವನ್ನು ಅವರು ಉಪ್ಪಿನಕಾಯಿಯ ಹಾಗೆ ದಿನಾ ಬಡಿಸುತ್ತಿದ್ದರು. ಒಲೆ ಮೇಲೆ ಹಾಲಿಟ್ಟು ನಾನು ಟೀವಿಯ ಕಡೆ ತಿರುಗಿದರೆ, "ದೇವರು ಬೇಡ ಅಂದ್ರೂ ಲೋಟನ ಹೆಂಡ್ತೀನೂ ಹೀಗೇ ಹಿಂದೆ ತಿರುಗಿದ್ದು, ಉಪ್ಪಿನ ಕಂಬ ಆದ್ಲು" ಎನ್ನುತ್ತಿದ್ದರು. ಪ್ರಾರ್ಥನಾ ಕೂಟ ತಪ್ಪಿಸಿ ನೆಂಟರ ಮದುವೆಗೆ ಹೊರಟವರ ಬಸ್ಸು ಕೆಟ್ಟರೆ ಅದು ದೇವರ ಮಾತು ಮೀರಿ ಓಡಿಹೋಗಿ ಬಿರುಗಾಳಿಗೆ ಸಿಕ್ಕ ಯೋನನ ಹಡಗು. ಹಿಂದಿನ ಪಾಸ್ಟರ ಬೋಳುತಲೆ ನೋಡಿ ಸಂಡೇ ಸ್ಕೂಲಿನ ಮಕ್ಕಳು ಕಿಸಿಕಿಸಿ ನಕ್ಕಾಗ, ಪ್ರವಾದಿ ಎಲೀಷನನ್ನು ಬೋಳ ಎಂದು ಅಣಕಿಸಿದ ಹುಡುಗರನ್ನು ಕರಡಿಗಳು ಸೀಳಿದ್ದನ್ನು ಎಷ್ಟು ಚೆನ್ನಾಗಿ ಹೇಳಿದರೆಂದರೆ, ಮಕ್ಕಳು ಒಂದು ವಾರ ತೋಟದ ದಾರಿಯಲ್ಲಿ ಬರಲು ಒಪ್ಪಲಿಲ್ಲ. ಆಮೇಲೆ ಆ ಮಕ್ಕಳ ಕ್ಲಾಸನ್ನು ನನಗೆ ಬಿಟ್ಟುಕೊಟ್ಟರು. ನಾನೂ ಅವೇ ಕಥೆಗಳನ್ನು ಹೇಳಿದೆ, ಕರಡಿಗಳನ್ನು ಮಾತ್ರ ಸ್ವಲ್ಪ ಸಣ್ಣದು ಮಾಡಿದೆ.

ನಾನು ಇಲ್ಲಿಗೆ ಬಂದ ಇಪ್ಪತ್ತೆರಡನೇ ವರ್ಷ, ಜನವರಿ ಕೊನೆಯಲ್ಲಿ ನಮ್ಮನೆಯವರು ಕಾಳುಮೆಣಸು ಕೊಯ್ಯುವಾಗ ಬಿದಿರಿನ ಏಣಿ ಸಮೇತ ಕೆಳಗೆ ಬಿದ್ದರು. ಸೊಂಟಕ್ಕೆ ಪೆಟ್ಟು. ಆಸ್ಪತ್ರೆಯಲ್ಲಿ ಎರಡು ವಾರ ಇಟ್ಟುಕೊಂಡು, ಎದ್ದು ಓಡಾಡುವುದು ಹೇಳಲಿಕ್ಕಾಗುವುದಿಲ್ಲ ಎಂದು ಮನೆಗೆ ಕಳಿಸಿದರು. ಆಗ ನನ್ನ ತಲೆಯಲ್ಲಿ ಒಂದೇ ಹುಳ: ಯಾವ ಪಾಪಕ್ಕೆ ಈ ಶಿಕ್ಷೆ? ಅಕ್ಕನನ್ನೇ ಕೇಳಿದೆ. ಅವರು ನನ್ನ ತಲೆ ಸವರಿ, "ಇದು ಪರೀಕ್ಷೆ, ಶಿಕ್ಷೆ ಅಲ್ಲ. ಏಣಿ ಜಾರಿದ್ರೆ ಮನುಷ್ಯ ಬೀಳ್ತಾನೆ ಮಾರಾಯ್ತಿ, ಅದಕ್ಕೆಲ್ಲ ದೇವರನ್ನ ಯಾಕೆ ಎಳೀತಿ" ಎಂದರು. ಆ ಮಾತು ನೆನಪಿಡಿ. ನನಗೆ ಆವತ್ತು ಅದು ಗಂಜಿಯ ಹಾಗೆ ಹೊಟ್ಟೆಗೆ ಇಳಿಯಿತು.

ನಮ್ಮ ಪಕ್ಕದ ಲೈನ್ ಮನೆಯ ಗೆಳತಿ ನನ್ನ ಜೊತೆಗೇ ತೋಟದ ಕೆಲಸಕ್ಕೆ ಹೋಗುತ್ತಿದ್ದವಳು. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಮಕ್ಕಳಿಗೆ ಅನ್ನ ಹಾಕಿದವಳು ಅವಳು. ಅವಳು ನನಗೆ ಹೇಳದೆ ಹೊರನಾಡಿನ ಅಮ್ಮನವರ ಗುಡಿಗೆ ಹರಕೆ ಹೊತ್ತಿದ್ದಳು: ಅಣ್ಣ ಎದ್ದು ಕೂತರೆ ಅವರ ಹೆಂಡತಿಯನ್ನು ಕರೆದುಕೊಂಡು ಬಂದು ಊಟ ಮಾಡಿಸುತ್ತೇನೆ ಎಂದು. ಮಾರ್ಚಿನಲ್ಲಿ ಇವರು ಎದ್ದು ಕೂತರು. ಗೋಡೆ ಹಿಡಿದು ನಾಲ್ಕು ಹೆಜ್ಜೆಯನ್ನೂ ಇಟ್ಟರು. ಅವಳು ಬಂದು, "ನೀವು ಕೈ ಮುಗೀಬೇಡಿ, ಬೇಡ್ಕೊಳ್ಳೋದೂ ಬೇಡ. ಬಂದು ಉಂಡು ಹೋಗಿ, ನನ್ನ ಹರಕೆ ತೀರ್ತದೆ" ಎಂದಳು.

ನಾನು ಅಕ್ಕನ ಮನೆಗೆ ಓಡಿದೆ. ಹೋದರೆ ತಪ್ಪು, ಹೋಗದಿದ್ದರೆ ಆ ಹೆಂಗಸಿನ ಮನಸ್ಸು ಮುರಿಯುತ್ತದೆ. ಅಕ್ಕ ಕನ್ನಡಕ ಹಾಕಿಕೊಂಡು ಪುಸ್ತಕ ತಿರುವಿದರು. ಸಿರಿಯದ ಸೇನಾಪತಿ ನಾಮಾನನು, ತನ್ನ ಅರಸನ ಜೊತೆ ಅವನ ಗುಡಿಗೆ ಹೋಗಿ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು ಎಂದು ಕೇಳಿದಾಗ ಪ್ರವಾದಿಯು ಸಮಾಧಾನದಿಂದ ಹೋಗು ಎಂದನಂತೆ. "ಅಷ್ಟು ದೊಡ್ಡ ಪ್ರವಾದೀನೇ ಬೇಡ ಅನ್ಲಿಲ್ಲ. ನಾವು ಊಟಕ್ಕೆ ತಾನೇ ಹೋಗೋದು" ಎಂದರು. 'ನಾವು' ಎಂದದ್ದು ನನ್ನ ಕಿವಿಗೆ ಬಿತ್ತು. "ನಾನೂ ಬರ್ತೀನಿ. ಇಷ್ಟು ವರ್ಷ ಆಯ್ತು, ಹೊರನಾಡು ನೋಡೇ ಇಲ್ಲ."

ಮೂವರೂ ಹೋದೆವು. ಮೂಡಿಗೆರೆಯಲ್ಲಿ ಬಸ್ಸು ಹತ್ತಿದಾಗಿನಿಂದ ಕಳಸ ಮುಟ್ಟುವವರೆಗೆ ಅಕ್ಕ ಕಿಟಕಿ ಬಿಡಲಿಲ್ಲ. ಹೆಬ್ಬಾಳೆ ಸೇತುವೆಯ ಮೇಲೆ ಬಸ್ಸು ನಿಧಾನವಾದಾಗ ಎದ್ದು ನಿಂತು ಹೊಳೆ ನೋಡಿದರು. ಊಟದ ಸಾಲಿನಲ್ಲಿ ನಾನು ನಡುವೆ, ಆ ಕಡೆ ಗೆಳತಿ, ಈ ಕಡೆ ಅಕ್ಕ. ಯಾರೂ ನಮ್ಮನ್ನು ಯಾರು, ಯಾವ ಊರು, ಯಾವ ಜಾತಿ ಎಂದು ಕೇಳಲಿಲ್ಲ. ಅನ್ನ ಬಂತು, ಸಾರು ಬಂತು. ಎರಡು ತಿಂಗಳಿನಿಂದ ಯಾರೂ ನನಗೆ ಬಡಿಸಿರಲಿಲ್ಲ, ನಾನೇ ಎಲ್ಲರಿಗೂ ಬಡಿಸುತ್ತಿದ್ದೆ. ಆ ಬಿಸಿ ಅನ್ನ ಕಂಡು ನನಗೆ ಅಳು ಬಂದುಬಿಟ್ಟಿತು. ನಾನು ಯಾವ ದೇವರನ್ನು ನೆನೆದೆನೋ ನನಗೇ ಗೊತ್ತಿಲ್ಲ, ಕೈ ಮಾತ್ರ ತಾನಾಗಿ ಮುಗಿಯಿತು. ಅಕ್ಕ ಎರಡನೇ ಸಲ ಪಾಯಸ ಕೇಳಿ ಹಾಕಿಸಿಕೊಂಡರು. ಬಸ್ಸಿನಲ್ಲಿ ಬರುತ್ತಾ, "ಇದು ನಮ್ಮಲ್ಲೇ ಇರ್ಲಿ. ಸಭೇಲಿ ಎಲ್ರಿಗೂ ನಾಮಾನನ ಕಥೆ ಅರ್ಥ ಆಗಲ್ಲ" ಎಂದರು.

ಏಪ್ರಿಲ್‌ನಲ್ಲಿ ಸಭೆಯ ಜಾಗದಲ್ಲಿ ಬೋರ್ ಕೊರೆಸಿದರು. ಎಲ್ಲರೂ ಸುತ್ತ ನಿಂತು ಹಾಡು ಹಾಡಿದ್ದೇ ಹಾಡಿದ್ದು. ಬಂದದ್ದು ಬಿಳೀ ಧೂಳು. ಎಲ್ಲರ ತಲೆಗೂ ಹಿಟ್ಟು ಚೆಲ್ಲಿದ ಹಾಗಾಯಿತು. ಅದರ ಮುಂದಿನ ಭಾನುವಾರ ಪಾಸ್ಟರು ಆಕಾನನ ಕಥೆ ತೆಗೆದರು. ಯೆರಿಕೋ ಪಟ್ಟಣ ಬಿದ್ದಾಗ ಅಲ್ಲಿಯ ಯಾವ ವಸ್ತುವನ್ನೂ ಮುಟ್ಟಬಾರದು ಎಂದು ದೇವರು ಹೇಳಿದ್ದರೂ ಆಕಾನನು ಕದ್ದು ಗುಡಾರದ ನೆಲದಲ್ಲಿ ಹೂತಿಟ್ಟ. ಅವನೊಬ್ಬನಿಂದ ಇಡೀ ಪಾಳೆಯ ಸೋತಿತು. "ನಮ್ಮ ಪಾಳೆಯದಲ್ಲಿ ಏನು ಹೂತಿದೆ? ಯಾರ ಗುಡಾರದಲ್ಲಿ?" ಎಂದು ಪಾಸ್ಟರು ಕೇಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ನನ್ನದು ಅದೇ ಗತಿ. ಕಲ್ಲುಬಂಡೆಯ ಜಾಗದಲ್ಲಿ ನೀರು ಎಲ್ಲಿಂದ ಬರಬೇಕು ಎಂದು ನಮ್ಮನೆಯವರು ಮೊದಲೇ ಹೇಳಿದ್ದರು. ಆದರೂ ನನಗೆ ಹೊರನಾಡಿನ ಊಟವೇ ಕಣ್ಣ ಮುಂದೆ ಬಂತು.

ಹೀಗೆ ಮೇ ತಿಂಗಳ ಸಮಾಧಾನದ ಶನಿವಾರ ನಾನು ಅಕ್ಕನ ಮನೆಗೆ ಹೋದೆ. ನನ್ನ ಬುದ್ಧಿಗೆ ಏನು ಮಂಕು ಬಡಿದಿತ್ತೋ. ಮುನಿಸಿದ್ದವರ ಮನೆಗೆ ಹೋಗಬೇಕಾದ ದಿನ ನಂಬಿದವರ ಮನೆಗೆ ಹೋದೆ. ಅಕ್ಕ ಕಾಫಿ ತಂದಿಟ್ಟರು. ನಾನು, "ಅಕ್ಕ, ಇದನ್ನ ಹೊಟ್ಟೇಲಿ ಇಟ್ಕೊಂಡು ನಾಳೆ ರೊಟ್ಟಿ ತಗೊಳ್ಳಕ್ಕೆ ನನ್ನಿಂದ ಆಗಲ್ಲ. ಇಬ್ರೂ ಹೋಗಿ ಪಾಸ್ಟರಿಗೆ ಹೇಳಿಬಿಡುವ" ಎಂದೆ.

ಅವರು ಸೆರಗಿನ ಅಂಚು ಸರಿಮಾಡಿಕೊಂಡರು. "ನೀನು ಕೈ ಮುಗಿದೆಯಾ ಅಲ್ಲಿ?"

"ಮುಗ್ದೆ ಅಕ್ಕ. ಗೊತ್ತಾಗ್ಲಿಲ್ಲ."

"ಆಯ್ತು. ದೇವರು ನೋಡ್ಕೊಳ್ತಾರೆ. ಯಾರಿಗೂ ಹೇಳೋದು ಬೇಡ, ಕಾಫಿ ಕುಡಿ" ಎಂದು ನನ್ನ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿದರು. ಇಬ್ಬರೂ ಕುಡಿದೆವು. ಮನೆಗೆ ಬಂದು ನಾನು ನೆಮ್ಮದಿಯಾಗಿ ಎರಡು ಬ್ಲೌಸ್ ಹೊಲಿದು ಮುಗಿಸಿದೆ.

ಭಾನುವಾರ ಸಾಕ್ಷಿ ಹೇಳುವ ಸಮಯ ಬಂತು, ದೇವರು ತಮಗೆ ಮಾಡಿದ್ದನ್ನು ಎದ್ದು ಎಲ್ಲರ ಮುಂದೆ ಹೇಳುವ ಸಮಯ. ಅಕ್ಕ ಎದ್ದು ನಿಂತರು. ಒಬ್ಬ ತಂಗಿ ತನ್ನ ಪಾಪವನ್ನು ತಮ್ಮ ಮುಂದೆ ಒಪ್ಪಿಕೊಂಡಿದ್ದಾಳೆ, ಅವಳು ವಿಗ್ರಹದ ಮುಂದೆ ಕೈ ಮುಗಿದು ಅಲ್ಲಿಯ ಊಟ ಉಂಡು ಬಂದಿದ್ದಾಳೆ, ಪಾಳೆಯದ ಒಳ್ಳೆಯದಕ್ಕಾಗಿ ತಾವು ನೋವಿನಿಂದ ಇದನ್ನು ಹೇಳುತ್ತಿರುವುದು ಎಂದರು. ಆಮೇಲೆ ನನ್ನ ಹೆಸರು ಹೇಳಿದರು. "ಅವಳ ಗಂಡ ಮೇಲಿಂದ ಬಿದ್ದದ್ದು ಸುಮ್ಮನೆ ಅಲ್ಲ" ಎಂದೂ ಸೇರಿಸಿದರು. ಇವರು ಬಿದ್ದದ್ದು ಜನವರಿಯಲ್ಲಿ, ನಾನು ಹೊರನಾಡಿಗೆ ಹೋದದ್ದು ಮಾರ್ಚಿನಲ್ಲಿ. ದೇವರು ಶಿಕ್ಷೆಯನ್ನೂ ಮುಂಗಡ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ.

ಪಾಸ್ಟರು ನನ್ನನ್ನು ಎಬ್ಬಿಸಿ ನಿಜವೇ ಎಂದು ಕೇಳಿದರು. ನಿಜ ಎಂದೆ. ಅಕ್ಕನ ಕಡೆ ನೋಡಿದೆ. ಅವರು ಮುಸುಕು ಮುಂದೆ ಎಳೆದುಕೊಂಡು ಕಣ್ಣುಮುಚ್ಚಿ ನನಗಾಗಿ ಪ್ರಾರ್ಥನೆ ಮಾಡುತ್ತಿದ್ದರು. ನನ್ನ ಕ್ಲಾಸಿನ ಮಕ್ಕಳು ಮೊದಲ ಸಾಲಿನಿಂದ ತಿರುಗಿ ತಿರುಗಿ ನನ್ನನ್ನೇ ನೋಡುತ್ತಿದ್ದವು. ಆಕಾನನ ಚಿತ್ರವನ್ನು ನಾನೇ ಅವರಿಗೆ ಬಣ್ಣ ಹಾಕಲು ಕೊಟ್ಟಿದ್ದೆ. ಮೂರು ತಿಂಗಳು ರೊಟ್ಟಿ ಇಲ್ಲ, ಕ್ಲಾಸು ಇಲ್ಲ, ಹಿಂದಿನ ಬೆಂಚಿನಲ್ಲಿ ಕೂರಬೇಕು ಎಂದು ತೀರ್ಮಾನವಾಯಿತು. ನಂಬಿಸಿ ಕತ್ತು ಕೊಯ್ಯುವುದು ಎಂದು ಜನ ಹೇಳುವುದನ್ನು ಕೇಳಿದ್ದೆ, ಕೊಯ್ಯುವಾಗ ನೋವಾಗುವುದಿಲ್ಲ, ಮನೆಗೆ ಬಂದ ಮೇಲೆ ಆಗುತ್ತದೆ ಎಂದು ಆವತ್ತು ಗೊತ್ತಾಯಿತು.

ನಮ್ಮನೆಯವರು ಗೋಡೆಗೆ ಒರಗಿ ಕೂತು ಎಲ್ಲ ಕೇಳಿಸಿಕೊಂಡರು. ಅವರು ಕ್ರಿಸ್ಮಸ್ಸಿಗೆ ಮಾತ್ರ ಸಭೆಗೆ ಬರುವ ಮನುಷ್ಯ. "ರೈಟರ ಹೆಂಡ್ತೀನೂ ಉಂಡಿದ್ರು ಅಂತ ಯಾಕೆ ಹೇಳ್ಲಿಲ್ಲ ನೀನು? ಬಾಯಲ್ಲಿ ಏನು ಅಕ್ಕಿ ತುಂಬ್ಕೊಂಡಿದ್ದೆಯಾ?" ಎಂದರು. ಪಕ್ಕದ ಮನೆಯ ಗೆಳತಿ, "ನಾನು ಬಂದು ಹೇಳ್ಲಾ? ಪಾಯಸ ಎಷ್ಟು ಸಲ ಬಡ್ಸಿದ್ರು ಅಂತಾನೂ ಹೇಳ್ತೀನಿ" ಎಂದಳು. ಬೇಡ ಎಂದೆ. ಅವಳಿಗೆ ಯಾಕೆ ಎಂದು ಅರ್ಥವಾಗಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ: ಅಕ್ಕ ತಾವಾಗಿ ನನ್ನ ಮನೆಗೆ ಬರಬೇಕು. ಒಂದು ಶನಿವಾರ ಬಂದು, ನನ್ನಿಂದ ತಪ್ಪಾಯಿತು ಎನ್ನಬೇಕು. ನಾನು ಹೆಸರು ಹೇಳಿ ಎಳೆದು ತಂದರೆ ಬರುವುದು ರೈಟರ ಹೆಂಡತಿ, ನನ್ನ ಅಕ್ಕ ಅಲ್ಲ. ಇಪ್ಪತ್ತೆರಡು ವರ್ಷ ತಾಯಿಯ ಹಾಗಿದ್ದವರು ನನಗೆ ಅಷ್ಟನ್ನೂ ಕೊಡಲಾರರೇ ಎಂದು ಕಾದೆ.

ಮೇ ಕೊನೆಯಲ್ಲಿ, ಮಳೆ ಹಿಡಿಯುವ ಮೊದಲು ಮುಗಿಸಬೇಕೆಂದು ಎರಡನೇ ಬೋರ್ ಕೊರೆಸಿದರು. ಆಕಾನ ಸಿಕ್ಕಿದ್ದಾನೆ, ಇನ್ನು ನೀರಿಗೆ ಏನು ಅಡ್ಡಿ ಎಂಬ ಧೈರ್ಯ. ಮತ್ತೆ ಧೂಳೇ ಬಂತು. ನಾನು ಅದನ್ನು ಕೇಳಿ ಮಿಷನ್ ನಿಲ್ಲಿಸಿ ಒಬ್ಬಳೇ ನಕ್ಕೆ. ನಗಬಾರದಿತ್ತು, ನಕ್ಕೆ.

ಆ ಭಾನುವಾರ ಪಾಸ್ಟರು ಮತ್ತೆ ನನ್ನನ್ನೇ ಎಬ್ಬಿಸಿದರು. ಅವರು ಕೆಟ್ಟ ಮನುಷ್ಯರಲ್ಲ, ದಿಕ್ಕು ತೋಚದೆ ಕಂಗಾಲಾಗಿದ್ದರು. "ಸಿಸ್ಟರ್, ನೀವು ಹೇಳ್ದೆ ಇರೋದು ಇನ್ನೇನಾದ್ರೂ ಇದೆಯಾ? ಆವತ್ತು ನಮ್ಮ ಸಭೆಯವ್ರು ಬೇರೆ ಯಾರಾದ್ರೂ ನಿಮ್ಮ ಜೊತೆ ಬಂದಿದ್ರಾ?"

ಎಲ್ಲ ತಲೆಗಳೂ ತಿರುಗಿದವು. ಅಕ್ಕ ಮುಸುಕು ಎಳೆದುಕೊಳ್ಳಲು ಮರೆತಿದ್ದರು. ಬಾಣಂತನದಲ್ಲಿ ನನಗೆ ಎಣ್ಣೆ ಹಚ್ಚಿದ ಆ ಕೈ ಬೆಂಚಿನ ಹಲಗೆಯನ್ನು ಬಿಗಿಯಾಗಿ ಹಿಡಿದಿತ್ತು. ನನಗೆ ಆಕಾನನ ಕಥೆಯ ಕೊನೆ ನೆನಪಾಯಿತು. ಅವನೊಬ್ಬನನ್ನೇ ಅಲ್ಲ, ಅವನ ಮಕ್ಕಳನ್ನೂ ದನಕತ್ತೆಗಳನ್ನೂ ಎಲ್ಲವನ್ನೂ ಕಲ್ಲೆಸೆದು ಮುಗಿಸಿದರು. ಅದನ್ನು ನಾನು ಮಕ್ಕಳಿಗೆ ಹೇಳುತ್ತಿರಲಿಲ್ಲ.

"ಇಲ್ಲ" ಎಂದೆ. "ಯಾರೂ ಬಂದಿರ್ಲಿಲ್ಲ."

ದಯೆಯಿಂದ ಹೇಳಿದೆ ಎಂದುಕೊಳ್ಳಬೇಡಿ, ನಾನು ಅಷ್ಟು ದೊಡ್ಡವಳಲ್ಲ. ಇನ್ನು ಅಕ್ಕ ನನ್ನ ಮನೆಗೆ ಬರದೆ ಇರಲಾರರು ಎಂದುಕೊಂಡು ಹೇಳಿದೆ. ಹೇಳಿದ ಕೂಡಲೇ ಸತ್ಯವೇದದ ಸಪ್ಫೈರಳ ನೆನಪಾಯಿತು. ದೇವರ ಮುಂದೆ ಒಂದು ಸುಳ್ಳು ಹೇಳಿ ಅವಳು ನಿಂತಲ್ಲೇ ಬಿದ್ದು ಸತ್ತಳು. ನಾನೂ ಬೀಳುತ್ತೇನೆಂದು ಬೆಂಚು ಹಿಡಿದುಕೊಂಡು ನಿಂತೆ. ಬೀಳಲಿಲ್ಲ. ಪಾಸ್ಟರು ಕೂತುಕೊಳ್ಳಿ ಎಂದರು. ಮನೆಗೆ ಬಂದು ಸಾರಿಗೆ ಒಗ್ಗರಣೆ ಹಾಕಿದೆ.

ಜೂನಿನ ಸಮಾಧಾನದ ಶನಿವಾರ ಬೆಳಿಗ್ಗೆಯಿಂದಲೇ ಬಾಗಿಲು ತೆಗೆದಿಟ್ಟೆ. ನೆಲ ಒರೆಸಿದೆ, ಒಳ್ಳೆ ಪುಡಿ ತರಿಸಿದ್ದೆ. ನಮ್ಮನೆಯವರು, "ಬರಲ್ಲ ಬಿಡು" ಎಂದರು. ಬರುತ್ತಾರೆ ಎಂದೆ. ಮಧ್ಯಾಹ್ನದ ಮೇಲೆ ಮಳೆ ಸ್ವಲ್ಪ ಬಿಟ್ಟಾಗ ಅಕ್ಕನ ಕಪ್ಪು ಕೊಡೆ ಲೈನಿನ ಮೂಲೆಯಲ್ಲಿ ಕಂಡಿತು. ನಮ್ಮನೆಯವರು ನನ್ನ ಮುಖ ನೋಡಿ ಕೋಲು ಊರಿಕೊಂಡು ಪಕ್ಕದ ಮನೆಗೆ ಹೋದರು.

ಅಕ್ಕ ಕುರ್ಚಿಯಲ್ಲಿ ಕೂತರು. ನಾನು ಬೆಲ್ಲದ ಕಾಫಿ ತಂದು ಸ್ಟೂಲಿನ ಮೇಲಿಟ್ಟೆ, ನನ್ನದೂ ಒಂದು ಲೋಟ. ಅವರು ಕಣ್ಣುಮುಚ್ಚಿ ಒಂದು ನಿಮಿಷ ಪ್ರಾರ್ಥನೆ ಮಾಡಿದರು.

"ಒಂದು ವಿಷಯ ನನ್ನ ಎದೆ ಮೇಲೆ ಕಲ್ಲಿನ ಹಾಗೆ ಕೂತಿತ್ತು" ಎಂದರು.

ನನ್ನ ಕಣ್ಣು ತುಂಬಿತು. "ಹೇಳಿ ಅಕ್ಕ."

"ನೀನು ದೇವರ ಮನೇಲಿ ನಿಂತು ಸುಳ್ಳು ಹೇಳ್ದೆ. ನನಗೆ ಎಷ್ಟು ನೋವಾಯ್ತು ಗೊತ್ತಾ? ನಿನ್ನ ಮೇಲೆ ಇನ್ನೊಂದು ತೀರ್ಪು ಬರಬಾರ್ದು ಅಂತ ಎರಡು ದಿನ ಉಪವಾಸ ಕೂತೆ. ಈಗ ಹಗುರ ಆಯ್ತು. ನಾನು ನಿನ್ನ ಕ್ಷಮಿಸಿದೀನಿ ಮಾರಾಯ್ತಿ."

ಹೀಗೆ ಹೇಳಿ ಅವರು ಲೋಟಕ್ಕೆ ಕೈ ಚಾಚಿದರು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದಾಗ ಕೈ ತಾನಾಗಿ ಮುಂದೆ ಹೋಗಿ ಆ ಲೋಟವನ್ನು ನನ್ನ ಕಡೆ ಎಳೆದುಕೊಂಡಿತು. ಅಕ್ಕನ ಕೈ ಖಾಲಿ ಸ್ಟೂಲಿನ ಮೇಲೆ ಉಳಿಯಿತು. ಇಪ್ಪತ್ತೆರಡು ವರ್ಷದಲ್ಲಿ ನಾನು ಅವರ ಮುಂದಿನಿಂದ ಏನನ್ನೂ ತೆಗೆದವಳಲ್ಲ.

"ಮಾತು ಮುಗಿದಿಲ್ಲ ಅಕ್ಕ. ಆವತ್ತು ಎರಡನೇ ಸಲ ಪಾಯಸ ಹಾಕಿಸ್ಕೊಂಡವ್ರು ಯಾರು?"

ಅವರು ನನ್ನನ್ನು ನೋಡಿದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡು, "ನಿನ್ನ ಮನಸ್ಸು ಕಲ್ಲಾಗಿದೆ. ಫರೋಹನಿಗೂ ಹೀಗೇ ಆಗಿದ್ದು" ಎಂದು ಕೊಡೆ ಬಿಚ್ಚಿಕೊಂಡು ಹೊರಟರು. ಲೈನಿನ ಮೂಲೆ ತಿರುಗುವವರೆಗೆ ನೋಡುತ್ತಾ ನಿಂತೆ, ಒಂದು ಸಲವೂ ತಿರುಗಲಿಲ್ಲ. ಲೋಟನ ಹೆಂಡತಿಯ ಕಥೆಯನ್ನು ಅವರು ಚೆನ್ನಾಗಿ ಓದಿಕೊಂಡಿದ್ದರು. ಎರಡು ಲೋಟ ಕಾಫಿಯನ್ನೂ ಬಸಳೆ ಬುಡಕ್ಕೆ ಚೆಲ್ಲಿದೆ.

ಮಾರನೇ ದಿನ ಅಕ್ಕ ಎಲ್ಲರಿಗಿಂತ ಮೊದಲು ರೊಟ್ಟಿ ತೆಗೆದುಕೊಂಡರು. ನಾನು ಹಿಂದಿನ ಬೆಂಚಿನಿಂದ ಕಣ್ಣು ಪಿಳುಕಿಸದೆ ನೋಡಿದೆ. ಗಂಟಲಿಗೆ ಸಿಕ್ಕಿಕೊಳ್ಳಲಿ ಎಂದು ಬಯಸಿದೆ, ಸುಳ್ಳು ಯಾಕೆ ಹೇಳಲಿ. ಅವರು ಕೆಮ್ಮಲೂ ಇಲ್ಲ. ಜುಲೈಯಲ್ಲಿಯೂ ಅಷ್ಟೇ. ಅಷ್ಟು ಮಳೆಯಲ್ಲಿ ಸಭೆಗೆ ಸಭೆಯೇ ನೆಗಡಿಯಾಗಿ ಮಲಗಿತ್ತು, ಅಕ್ಕನಿಗೆ ಒಂದು ಸೀನೂ ಬರಲಿಲ್ಲ.

ಆಗಸ್ಟಿನ ಮೊದಲ ಭಾನುವಾರ ನನ್ನ ಮೂರು ತಿಂಗಳು ಮುಗಿಯಿತು. ಪಾಸ್ಟರು ಸಂತೋಷದಿಂದಲೇ ನನ್ನನ್ನು ಮುಂದೆ ಕರೆದರು. ಮತ್ತೆ ಸೇರಿಸಿಕೊಳ್ಳುವ ಮೊದಲು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ, ಅದನ್ನು ಕೇಳಿದರು. "ಯಾರ ಮೇಲಾದ್ರೂ ನಿಮ್ಮ ಮನಸ್ಸಲ್ಲಿ ಏನಾದ್ರೂ ಇದೆಯಾ, ಸಿಸ್ಟರ್?" ಇಲ್ಲ ಎನ್ನಬೇಕು. ಎಲ್ಲರೂ ಹಾಗೇ ಹೇಳುವುದು. ಹೇಳಿದರೆ ರೊಟ್ಟಿ, ನನ್ನ ಕ್ಲಾಸು, ಅಲ್ಲಿಯ ಮಕ್ಕಳು ಎಲ್ಲ ವಾಪಸು. ಮೂರು ತಿಂಗಳು ನಾನು ಅದಕ್ಕೇ ಹಸಿದಿದ್ದೆ.

"ಇದೆ" ಎಂದೆ.

"ಯಾರ ಮೇಲೆ?"

"ಅವ್ರಿಗೆ ಗೊತ್ತು."

ಮೊದಲ ಸಾಲಿನಲ್ಲಿ ಅಕ್ಕ ಹಾಡಿನ ಪುಸ್ತಕದ ಹಾಳೆ ತಿರುವಿದರು. ಪಾಸ್ಟರು ಸ್ವಲ್ಪ ಹೊತ್ತು ಕಾದರು, ಯಾರೂ ಏಳಲಿಲ್ಲ. ನಾನು ಹಿಂದಿನ ಬೆಂಚಿಗೆ ಹೋಗಿ ಕೂತೆ. ರೊಟ್ಟಿಯ ತಟ್ಟೆ ಅಕ್ಕನ ಕೈಯಿಂದ ಹೊರಟು, ಸಾಲು ಸಾಲಾಗಿ ಹಿಂದೆ ಬಂದು, ನನ್ನನ್ನು ದಾಟಿಕೊಂಡು ಹೋಯಿತು.